ಅರಳುಮರಳಿನ ಮನೆಯ ತಪಾಸಣೆ

ಸಾಹೇಬರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂದ ದಿನ ನಮ್ಮ ಕಚೇರಿಯ ಚೆಲುವನ್ನು ಓದುಗರು ಒಮ್ಮೆ ನೋಡಬೇಕು. ಮೂರು ವರ್ಷದಿಂದ ಕಾಲು ಮುರಿದು ಗೋಡೆಗೊರಗಿದ್ದ ಕುರ್ಚಿ ಮಾಯವಾಗುತ್ತದೆ. ಕುಡಿಯುವ ನೀರಿನ ಪಕ್ಕದಲ್ಲಿ ಹೊಸ ಲೋಟ ಬಂದು ಕೂರುತ್ತದೆ. ಕಡತಗಳೆಲ್ಲ ಕೆಂಪು ದಾರ ಕಟ್ಟಿಸಿಕೊಂಡು ಮದುವಣಗಿತ್ತಿಯರಂತೆ ಕಪಾಟಿನಲ್ಲಿ ಸಾಲಾಗಿ ನಿಲ್ಲುತ್ತವೆ. ಹಾಜರಿ ಪುಸ್ತಕದಲ್ಲಿ ಒಂದು ಸಹಿಯೂ ತಪ್ಪಿರುವುದಿಲ್ಲ. ಸಾಹೇಬರು ಬಂದು, ಹಾಳೆ ತಿರುವಿ, ಚಹಾ ಕುಡಿದು, "ಸಮಾಧಾನಕರ" ಎಂದು ಷರಾ ಬರೆದು ಹೋಗುತ್ತಾರೆ. ಮರುದಿನ ಕುರ್ಚಿ ತನ್ನ ಹಳೆಯ ಗೋಡೆಗೆ ಮರಳುತ್ತದೆ. ಅರ್ಜಿ ಹಿಡಿದು ನಾಲ್ಕನೆಯ ಸಲ ಬಂದ ಮುದುಕಿ ಮಾತ್ರ ಬಾಗಿಲಲ್ಲಿ ನಿಂತೇ ಇರುತ್ತಾಳೆ. ಆಕೆಯನ್ನು ಯಾವ ತಪಾಸಣೆಯೂ ಕಂಡುದಿಲ್ಲ.

ಇಂಥ ವಿದ್ಯೆಯಲ್ಲಿ ಹನ್ನೆರಡು ವರ್ಷ ಪಳಗಿದ ನಮ್ಮನ್ನು ಕಳೆದ ಮಳೆಗಾಲದಲ್ಲಿ ನೆರೆಮನೆಯ ರಾಯರು ಬಂದು ಒಂದು ಕೆಲಸಕ್ಕೆ ಕರೆದರು. ರಾಯರು ಧಾರವಾಡದ ಕಡೆಯವರು. ಪುಣೆಗೆ ಬಂದು ಮೂವತ್ತು ವರ್ಷವಾಯಿತು. ಅವರ ತಾಯಿಗೆ ಈಗ ಎಂಬತ್ತೊಂದು. ಕಟ್ಟಡದ ಮಕ್ಕಳಿಗೆಲ್ಲ ಆಕೆ ಅಜ್ಜಿ. ಹಿಂದೆ ಸಂಕ್ರಾಂತಿ ಬಂದರೆ ಮರಾಠಿ ಮನೆಗಳಿಗೂ ತಾವೇ ಹೋಗಿ, ಅವರ ಭಾಷೆಯಲ್ಲೇ ಮಾತನಾಡಿ, ಎಳ್ಳು ಬೆಲ್ಲ ಹಂಚಿ ಬರುತ್ತಿದ್ದವರು. ನಾಲ್ಕು ವರ್ಷದಿಂದೀಚೆಗೆ ಮರೆವು ಹತ್ತಿತು. ಮೊದಲು ಕನ್ನಡಕ ಮರೆತರು, ಆಮೇಲೆ ಒಲೆಯ ಮೇಲಿನ ಹಾಲು ಮರೆತರು, ಕಡೆಗೆ ಮಗನನ್ನೇ "ನೀವು ಯಾರ್ರೀ?" ಎಂದು ಕೇಳಿದರು. ಒಂದು ರಾತ್ರಿ ಎರಡು ಗಂಟೆಗೆ ಹುಬ್ಬಳ್ಳಿಯ ಬಸ್ಸು ಹಿಡಿಯಬೇಕೆಂದು ಕೈಚೀಲ ಹಿಡಿದು ಬೀದಿಗಿಳಿದರು. ಕಾವಲುಗಾರ ನೋಡದಿದ್ದರೆ ಏನಾಗುತ್ತಿತ್ತೋ.

ಎರಡು ಕೋಣೆಯ ಮನೆ, ಗಂಡಹೆಂಡಿರಿಬ್ಬರೂ ದುಡಿಯುವವರು, ಮಗಳ ಪರೀಕ್ಷೆಯ ವರ್ಷ. ರಾಯರು ಆರು ತಿಂಗಳು ಹುಡುಕಿ, ಊರ ಹೊರಗೆ ಇಂಥ ರೋಗಿಗಳನ್ನೇ ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ತಾಯಿಯನ್ನು ಇರಿಸಿದರು. ತಿಂಗಳ ಸಂಬಳದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತದೆ. ಊರಿನ ನೆಂಟರು "ಹೆತ್ತವಳನ್ನು ಹೊರಗೆ ಹಾಕಿದ" ಎಂದರು. ಹಾಗೆಂದವರಲ್ಲಿ ಒಬ್ಬರೂ ಒಂದು ರಾತ್ರಿ ಬಂದು ಆಕೆಯ ಬಳಿ ಎಚ್ಚರವಾಗಿ ಕೂತವರಲ್ಲ ಎಂಬುದನ್ನು ನಾವು ಇಲ್ಲಿ ಬರೆದಿಡುತ್ತೇವೆ.

"ನೀವು ಸರಕಾರಿ ಕಚೇರಿಯವರು. ತಪಾಸಣೆ ಅಂದ್ರ ಏನಂತ ನಿಮಗ ಗೊತ್ತದ," ಎಂದರು ರಾಯರು. "ನಾ ಹೋದ್ರ ಅವ್ವನ ಮಾರಿ ನೋಡಿ ಕಣ್ಣಾಗ ನೀರು ಬರತಾವ, ಬ್ಯಾರೆ ಏನೂ ಕಾಣಂಗಿಲ್ಲ. ಒಮ್ಮೆ ನೀವು ಬಂದು ಎಲ್ಲಾ ಸರಿ ಅದನೋ ಇಲ್ಲೋ ನೋಡ್ರಿ."

ಮುಂದಿನ ಕಥೆಗೆ ಮೊದಲು ರೋಗದ ಬಗ್ಗೆ ನಾಲ್ಕು ಮಾತು. ಅರವತ್ತಕ್ಕೆ ಅರಳುಮರಳು ಎಂದು ನಮ್ಮ ಹಿರಿಯರು ನಕ್ಕು ಸುಮ್ಮನಾದರು. ಡಾಕ್ಟರರು ಡಿಮೆನ್ಷಿಯಾ ಎನ್ನುವ ಇದು ಮುಪ್ಪಿನ ಸಹಜ ಧರ್ಮವಲ್ಲ, ಮೆದುಳಿನ ರೋಗ. ಇದರ ಬಗೆಗಳಲ್ಲಿ ಹೆಚ್ಚಾಗಿ ಕಾಣುವುದನ್ನು ಆಲ್ಝೈಮರ್ ಎಂಬ ಜರ್ಮನ್ ವೈದ್ಯ ೧೯೦೬ರಲ್ಲಿ ಮೊದಲು ವಿವರಿಸಿದ. ಅವನ ಹೆಸರೇ ರೋಗಕ್ಕೆ ನಿಂತಿತು. ನಮ್ಮ ದೇಶದಲ್ಲಿ ೬೦ ವರ್ಷ ದಾಟಿದವರ ಪೈಕಿ ನೂರಕ್ಕೆ ೭.೪ ಮಂದಿಗೆ, ಅಂದರೆ ಸುಮಾರು ೮೮ ಲಕ್ಷ ಜನಕ್ಕೆ ಇದು ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ಬೇರು ಸಮೇತ ಕೀಳುವ ಮದ್ದು ಇನ್ನೂ ಇಲ್ಲ. ಮದ್ದಿಲ್ಲದ ರೋಗಕ್ಕೆ ಆರೈಕೆಯೇ ಮದ್ದು. ಆದುದರಿಂದ ಆರೈಕೆ ಹೇಗಿದೆಯೆಂದು ನೋಡುವವರ ಕೆಲಸ ಸಣ್ಣದಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಮೊದಲೇ ಫೋನು ಮಾಡಿ, ರಾಯರೊಡನೆ ಹೋದೆವು. ಮನೆ ಅಚ್ಚುಕಟ್ಟಾಗಿತ್ತು. ನೆಲ ಫಿನಾಯಿಲಿನಿಂದ ಘಮಘಮಿಸುತ್ತಿತ್ತು. ಮೇಟ್ರನ್ ಬಾಯಿಯವರು ಕೇಳಿದ ಪುಸ್ತಕವನ್ನೆಲ್ಲ ತೆಗೆದು ಕೊಟ್ಟರು: ಔಷಧದ ಪುಸ್ತಕ, ಊಟದ ಪುಸ್ತಕ, ತೂಕದ ಪುಸ್ತಕ, ಬಟ್ಟೆ ಬದಲಿಸಿದ ಪುಸ್ತಕ, ದಿನಚರಿ. ಬೆಂಕಿ ಆರಿಸುವ ಕೊಳವೆಯ ತಾರೀಖು ಕೂಡ ಮೀರಿರಲಿಲ್ಲ. ಅಜ್ಜಿ ಒಗೆದ ಸೀರೆಯುಟ್ಟು, ಹಣೆಗೆ ವಿಭೂತಿಯಿಟ್ಟು ಭೇಟಿಯ ಕೋಣೆಯಲ್ಲಿ ಕೂತಿದ್ದರು. ತೊಡೆಯ ಮೇಲೊಂದು ಬಟ್ಟೆಯ ಗೊಂಬೆ.

"ದಿನಾ ಸಂಜೆ ಮಗುವನ್ನು ಕೇಳಿ ಅಳುತ್ತಾರೆ. ಅದಕ್ಕೆ ಗೊಂಬೆ ಕೊಟ್ಟಿದ್ದೇವೆ," ಎಂದರು ಮೇಟ್ರನ್. ಇಂಥ ರೋಗಿಗಳಿಗೆ ಗೊಂಬೆಯಿಂದ ಸಮಾಧಾನವಾಗುವುದುಂಟು ಎಂದು ನಾವೂ ಎಲ್ಲೋ ಓದಿದ್ದೆವು. ರಾಯರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಹೇಳಿದರು: "ನನಗಿಂತ ಮದಲ ಒಬ್ಬಾಕಿ ಅಕ್ಕ ಹುಟ್ಟಿದ್ದಳಂತ. ಎರಡು ವರ್ಷದಾಕಿ ಇದ್ದಾಗ ಹೋದಳು. ಅವ್ವ ಎಂದೂ ಆಕಿ ಹೆಸರು ತಗೀಲಿಲ್ಲ. ಈಗ ಎಲ್ಲಾ ಮರೆತ ಮ್ಯಾಲ ಆ ಕೂಸೊಂದ ನೆನಪಿಗೆ ಬರಲಿಕ್ಕೆ ಹತ್ಯದ ನೋಡ್ರಿ."

ನಾವು ಏನು ತಾನೆ ಹೇಳುವುದು? ಎಲ್ಲ ಸಮಾಧಾನಕರವಾಗಿದೆ ಎಂದು ರಾಯರಿಗೆ ಷರಾ ಕೊಟ್ಟು ಮನೆಗೆ ಬಂದೆವು.

ನಮ್ಮ ಮನೆಯಾಕೆ ಬಡಿಸುತ್ತ ಎಲ್ಲವನ್ನೂ ಕೇಳಿದಳು. "ಪುಸ್ತಕ ನೋಡಿದಿರಿ, ನೆಲ ನೋಡಿದಿರಿ, ಕೊಳವೆಯ ತಾರೀಖೂ ನೋಡಿದಿರಿ. ಅಜ್ಜಿ ಊಟ ಮಾಡುವುದನ್ನು ನೋಡಿದಿರಾ?" ಎಂದಳು.

ನೋಡಿರಲಿಲ್ಲ.

"ಸಂಜೆ ಅಳುತ್ತಾರೆ ಅಂದರಲ್ಲ, ನೀವು ಹೋದದ್ದು ಬೆಳಿಗ್ಗೆ."

ಅನ್ನಕ್ಕೆ ಸಾರು ಕಲಸುತ್ತಿದ್ದ ಕೈ ಅಲ್ಲೇ ನಿಂತಿತು. ನಮ್ಮ ಸಾಹೇಬರು ಮಾಡಿದಂಥ ತಪಾಸಣೆಯನ್ನೇ ನಾವೂ ಮಾಡಿ, ಚಹಾ ಕುಡಿದು ಬಂದಿದ್ದೆವು.

ಇಂಥ ಪೆದ್ದುತನ ನಮ್ಮೊಬ್ಬರದೇ ಅಲ್ಲ, ದೊಡ್ಡ ಸರಕಾರಗಳೂ ಇದನ್ನು ಮಾಡಿವೆ. ಆ ವಾರ ಈ ವಿಷಯ ಹಿಡಿದು ಓದಿದಾಗ ಸಿಕ್ಕ ಒಂದು ಸಂಗತಿ ಹೇಳುತ್ತೇವೆ. ಆಸ್ಟ್ರೇಲಿಯದ ಅಡಿಲೇಡ್ ನಗರದ ಬಳಿ ಓಕ್‌ಡನ್ ಎಂಬಲ್ಲಿ ಆ ರಾಜ್ಯದ ಸರಕಾರವೇ ನಡೆಸುತ್ತಿದ್ದ ಒಂದು ಮನೆಯಿತ್ತು. ಬೇರೆಲ್ಲೂ ಸಂಬಾಳಿಸಲಾಗದ ಮರೆವಿನ ರೋಗಿಗಳನ್ನು ಅಲ್ಲಿಡುತ್ತಿದ್ದರು. ೨೦೧೬ರಲ್ಲಿ ತಪಾಸಣೆಯವರು ಬಂದು ಅದಕ್ಕೆ ಮತ್ತೆ ಮಾನ್ಯತೆ ಕೊಟ್ಟರು. ಅದೇ ವರ್ಷ ಒಂದು ಕುಟುಂಬ ದೂರು ಕೊಟ್ಟಿತು. ತಮ್ಮ ಮನೆಯ ಹಿರಿಯನಿಗೆ ಬರೆದುಕೊಟ್ಟದ್ದಕ್ಕಿಂತ ಹತ್ತು ಪಟ್ಟು ಮದ್ದು ಹೋಗಿದೆ, ಮೈಮೇಲೆ ಯಾರೂ ಕಾರಣ ಹೇಳದ ಗಾಯಗಳಿವೆ ಎಂಬುದು ದೂರು. ೨೦೧೭ರ ಏಪ್ರಿಲಿನಲ್ಲಿ ರಾಜ್ಯದ ಮುಖ್ಯ ಮನೋವೈದ್ಯರ ವರದಿ ಬಂತು. ರೋಗಿಗಳನ್ನು ಬೇಕಾಬಿಟ್ಟಿ ಕಟ್ಟಿಹಾಕುತ್ತಿದ್ದುದು ಮೊದಲಾಗಿ ಒಳಗಿನದೆಲ್ಲ ಬಯಲಿಗೆ ಬಿತ್ತು, ಮನೆಯನ್ನು ಮುಚ್ಚಿದರು. ಪುಸ್ತಕದಲ್ಲಿ ತೇರ್ಗಡೆಯಾದ ಮನೆ ಮರುವರ್ಷವೇ ದೇಶದ ಅಪಮಾನವಾಯಿತು.

ಇದು ಹೇಗಾಯಿತೆಂದು ವಿಚಾರಿಸಲು ಅಲ್ಲಿಯ ಕೇಂದ್ರ ಸರಕಾರ ಇಬ್ಬರನ್ನು ನೇಮಿಸಿತು. ಅವರ ಮುಖ್ಯ ಸಲಹೆಗಳಲ್ಲೊಂದು ನಮ್ಮ ಕಚೇರಿಯ ಜವಾನನೂ ಕೊಡಬಹುದಾದದ್ದು: ಹೇಳಿ ಹೋಗಬೇಡಿ, ಹೇಳದೆ ಹೋಗಿ. ೨೦೧೮ರ ಜುಲೈ ೧ರಿಂದ ಮಾನ್ಯತೆಯ ಮರುತಪಾಸಣೆಗಳು ಮುನ್ಸೂಚನೆಯಿಲ್ಲದೆ ನಡೆಯಬೇಕೆಂದಾಯಿತು. ಆಮೇಲೆ ಇಡೀ ದೇಶದ ವೃದ್ಧರ ಆರೈಕೆಯನ್ನೇ ವಿಚಾರಿಸಲು ಒಂದು ರಾಯಲ್ ಕಮಿಷನ್ ಕೂತು, ೧೪೮ ಶಿಫಾರಸುಗಳ ವರದಿ ಕೊಟ್ಟಿತು; ಅದು ೨೦೨೧ರ ಮಾರ್ಚಿನಲ್ಲಿ ಪ್ರಕಟವಾಯಿತು. ಒಂದು ಕುಟುಂಬ ಸುಮ್ಮನಿರದಿದ್ದುದರಿಂದ ಇಷ್ಟೆಲ್ಲ ಆಯಿತು.

ಇಂಗ್ಲೆಂಡಿನಲ್ಲಿ ಇಂಥ ಮನೆಗಳನ್ನು ತಪಾಸಣೆ ಮಾಡಲು ೨೦೦೯ರಿಂದ ಒಂದು ಆಯೋಗವಿದೆ. ಅದರವರು ಬಳಸುವ ಒಂದು ಕ್ರಮ ನಮಗೆ ಬಹಳ ಹಿಡಿಸಿತು. ಬಾಯಿಬಿಟ್ಟು ಹೇಳಲಾರದ ರೋಗಿಗಳಿರುವಲ್ಲಿ ತಪಾಸಕ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತು ನೋಡುತ್ತಾನೆ. ಕೆಲವು ರೋಗಿಗಳನ್ನು ಆರಿಸಿಕೊಂಡು, ಐದೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತಾನೆ: ಇವರ ಮುಖ ಹೇಗಿದೆ, ಏನು ಮಾಡುತ್ತಿದ್ದಾರೆ, ಇವರೊಡನೆ ಯಾರಾದರೂ ಮಾತನಾಡಿದರೆ, ಆಡಿದ ಮಾತು ಹೇಗಿತ್ತು. ಇದರ ಮೂಲ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಟ್‌ವುಡ್ ಎಂಬ ಪ್ರಾಧ್ಯಾಪಕರು ಹಾಕಿದ ಪದ್ಧತಿ. ರೋಗ ಹಿಡಿದರೂ ಒಳಗಿನ ಮನುಷ್ಯ ಮನುಷ್ಯನೇ, ಸುತ್ತಲಿನವರು ನಡೆದುಕೊಳ್ಳುವ ರೀತಿಯಿಂದಲೂ ಅವನು ಕುಗ್ಗುತ್ತಾನೆ ಇಲ್ಲವೆ ಚೇತರಿಸುತ್ತಾನೆ ಎಂಬುದು ಅವರ ವಾದ. ಆ ಆಯೋಗದವರು ತಮ್ಮ ತಪಾಸಕರಿಗೆ ಹೇಳಿಕೊಟ್ಟ ಇನ್ನೊಂದು ಪ್ರಶ್ನೆಯೂ ಇದೆ: ನನ್ನ ತಾಯಿಯನ್ನು ಇಲ್ಲಿ ಇರಿಸಲು ನನಗೆ ಮನಸ್ಸಾದೀತೆ? ನೂರು ಪುಟದ ನಿಯಮಾವಳಿಗಿಂತ ಈ ಒಂದು ಪ್ರಶ್ನೆ ಭಾರ.

ಬುಧವಾರ ಅರ್ಧ ದಿನದ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಯಾರಿಗೂ ಹೇಳದೆ ಮೂರೂವರೆಗೆ ಹೋಗಿ ಬಾಗಿಲು ತಟ್ಟಿದೆವು. ಮೇಟ್ರನ್ ಬಾಯಿಯವರಿಗೆ ಅಷ್ಟು ಸಂತೋಷವೇನೂ ಆಗಲಿಲ್ಲ. ಆದರೂ ಒಳಗೆ ಬಿಟ್ಟರು, ಅದನ್ನು ಮೆಚ್ಚಬೇಕು. ನಡುಮನೆಯ ಮೂಲೆಯಲ್ಲಿ ಒಂದು ಕುರ್ಚಿ ಹಿಡಿದು ಕೂತೆವು.

ಹದಿನಾರು ಮಂದಿ ರೋಗಿಗಳು, ಮೂವರು ಮಾವಶಿಯರು. ಗೋಡೆಯ ಮೇಲೆ ಯಾರೂ ನೋಡದ ಟೆಲಿವಿಷನ್ನು ಕಿರುಚುತ್ತಿತ್ತು. ಇಬ್ಬರನ್ನು ಬೀಳದಿರಲೆಂದು ಓಢಣಿಯಿಂದ ಕುರ್ಚಿಗೆ ಕಟ್ಟಿದ್ದರು. ಚಹಾ ಬಂತು, ಲೋಟವನ್ನು ಮುಂದಿಟ್ಟು ಹೋದರು, ಕೈ ನಡುಗುವವರ ಚಹಾ ಆರಿ ತಣ್ಣಗಾಗಿ ಹಾಗೇ ವಾಪಸು ಹೋಯಿತು. ಊಟದ ಪುಸ್ತಕದಲ್ಲಿ "ಚಹಾ ಕೊಡಲಾಯಿತು" ಎಂದು ಬರೆದರು. ಸುಳ್ಳಲ್ಲ, ಕೊಟ್ಟದ್ದು ಹೌದು. ಯಾರೂ ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಗಂಟೆಯ ಹೊತ್ತಿನಲ್ಲಿ ಹದಿನಾರರಲ್ಲಿ ಒಂಬತ್ತು ಮಂದಿಯೊಡನೆ ಯಾರೂ ಒಂದು ಮಾತೂ ಆಡಲಿಲ್ಲ, ಅಷ್ಟೆ.

ನಾಲ್ಕು ಮುಕ್ಕಾಲಿಗೆ ಅಜ್ಜಿ ಕೂತಲ್ಲೇ ಹೊರಳಾಡತೊಡಗಿದರು. ಸೆರಗನ್ನು ಮುದ್ದೆ ಮಾಡಿ ಹಿಂಡಿದರು. ಆಮೇಲೆ ಸಣ್ಣ ದನಿಯಲ್ಲಿ ಅಳುತ್ತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಇಪ್ಪತ್ತರ ಹರೆಯದ ಒಬ್ಬಳು ಮಾವಶಿ ಓಡಿ ಬಂದು, "ರೋ ಮತ್ ಆಜಿ, ಯೇ ಲೋ ಬಚ್ಚಾ," ಎಂದು ಗೊಂಬೆಯನ್ನು ಆಕೆಯ ಎದೆಗಿಟ್ಟು ತಲೆ ಸವರಿದಳು. ಅಜ್ಜಿ ಗೊಂಬೆಯನ್ನು ತಳ್ಳಿ ಮತ್ತೆ ಅದೇ ಮಾತು ಹೇಳಿದರು.

ನಾವು ಎದ್ದು ಹತ್ತಿರ ಹೋಗಿ ಕಿವಿಗೊಟ್ಟೆವು.

"ಬಚ್ಚಲ... ಬಚ್ಚಲಕ ಹೋಗಬೇಕ..."

ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂತ್ರಕ್ಕೆ ಹೋಗುವುದನ್ನು ಅಜ್ಜಿಯ ಕಡೆಯ ಹೆಂಗಸರು ಬಚ್ಚಲಿಗೆ ಹೋಗುವುದೆನ್ನುತ್ತಾರೆ. ಏಳು ತಿಂಗಳಿಂದ ಆ ಮುದುಕಿ ಬಚ್ಚಲು ಕೇಳುತ್ತಿದ್ದರು. ಆ ಮನೆಯವರು ಏಳು ತಿಂಗಳಿಂದ ಪ್ರೀತಿಯಿಂದಲೇ ಆಕೆಗೆ ಬಚ್ಚಾ ಕೊಡುತ್ತಿದ್ದರು.

ಹುಡುಗಿಗೆ ಹೇಳಿದೆವು. ಅವಳು "ಅಗ ಬಾಯಿ!" ಎಂದು ಬಾಯಿ ಮುಚ್ಚಿಕೊಂಡು, ಅಜ್ಜಿಯನ್ನು ಎಬ್ಬಿಸಿ ಕೈಹಿಡಿದು ನಡೆಸಿಕೊಂಡು ಹೋದಳು. ತಿರುಗಿ ಬಂದಾಗ ಅಜ್ಜಿಯ ಅಳು ನಿಂತಿತ್ತು.

ಆಗ ನಮ್ಮ ಗುಮಾಸ್ತಿಕೆಯ ವಿದ್ಯೆ ಒಂದು ಉಪಯೋಗಕ್ಕೆ ಬಂತು. ದಿನಚರಿಯನ್ನೂ ಬಟ್ಟೆ ಬದಲಿಸಿದ ಪುಸ್ತಕವನ್ನೂ ಔಷಧದ ಪುಸ್ತಕವನ್ನೂ ಕೇಳಿ ತೆಗೆದುಕೊಂಡು, ಮೂರನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟೆವು. ದಿನಚರಿ: ೪-೫೦, ಮಗುವಿಗಾಗಿ ಅಳು. ಬಟ್ಟೆಯ ಪುಸ್ತಕ: ೫-೧೫, ಒದ್ದೆ, ಬದಲಿಸಿದೆ. ಔಷಧದ ಪುಸ್ತಕ: ೫-೩೦, ಗಲಾಟೆ, ಮಾತ್ರೆ ಕೊಟ್ಟಿದೆ. ಮರುದಿನವೂ ಹಾಗೆಯೇ; ವಾರದಲ್ಲಿ ಐದು ದಿನ ಹಾಗೆಯೇ. ಮೂರು ಪುಸ್ತಕವೂ ನಿಜವನ್ನೇ ಹೇಳುತ್ತಿದ್ದುವು. ಮೂರು ಬೇರೆ ಕೈಗಳು ಬರೆದಿದ್ದುವು. ಮೂರನ್ನೂ ಒಟ್ಟಿಗೆ ಓದುವ ಕಣ್ಣು ಮಾತ್ರ ಇರಲಿಲ್ಲ. ಹಿಂದಿನ ಭಾನುವಾರ ಇದೇ ಪುಸ್ತಕಗಳನ್ನು ಒಂದಾದ ಮೇಲೊಂದು ತಿರುವಿ "ಸಮಾಧಾನಕರ" ಎಂದವರು ನಾವೇ ಎಂಬುದು ನೆನಪಾಗಿ, ಮೇಟ್ರನ್ ಬಾಯಿಯವರ ಮೇಲೆ ಬರಬೇಕಾದ ಸಿಟ್ಟು ಅರ್ಧ ನಮ್ಮ ಮೇಲೆಯೇ ಬಂತು.

ಆ ಮಾತ್ರೆಯ ವಿಷಯ ಸಣ್ಣದಲ್ಲ. ಗಲಾಟೆ ಅಡಗಿಸಲು ಕೊಡುವ ಇಂಥ ಮನೋರೋಗದ ಮದ್ದುಗಳಿಂದ ಮರೆವಿನ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ಇಲಾಖೆ ೨೦೦೫ರಲ್ಲೇ ಎಚ್ಚರಿಕೆ ಕೊಟ್ಟಿತು. ೨೦೦೯ರಲ್ಲಿ ಇಂಗ್ಲೆಂಡಿನ ಸರಕಾರಕ್ಕೆ ಸುಬೆ ಬ್ಯಾನರ್ಜಿ ಎಂಬ ವೈದ್ಯರು ಕೊಟ್ಟ ವರದಿಯ ಲೆಕ್ಕ ನೋಡಿ: ವರ್ಷಕ್ಕೆ ಸುಮಾರು ೧,೮೦,೦೦೦ ಮರೆವಿನ ರೋಗಿಗಳಿಗೆ ಈ ಮದ್ದು, ಅದರಿಂದ ಏನಾದರೂ ಗುಣ ಕಂಡವರು ಸುಮಾರು ೩೬,೦೦೦, ಮದ್ದಿನ ದೆಸೆಯಿಂದ ಹೆಚ್ಚಾದ ಸಾವು ೧,೮೦೦. ಮದ್ದೇ ಬೇಡವೆಂದಲ್ಲ, ಬೇಕಾದವರಿಗೆ ಬೇಕು, ಕೊಡುತ್ತಿರುವುದನ್ನು ನಾವಾಗಿ ನಿಲ್ಲಿಸಕೂಡದು, ಡಾಕ್ಟರರನ್ನೇ ಕೇಳಬೇಕು. ಆದರೆ ಬಚ್ಚಲು ಕೇಳಿದವರಿಗೆ ಮಾತ್ರೆ ಉತ್ತರವಲ್ಲ.

ಅಜ್ಜಿಗೆ ಮರಾಠಿ ಬರುತ್ತಿತ್ತಲ್ಲ, ಅದು ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಹೊಸ ನೆನಪು ಮೊದಲು ಅಳಿದು ಹಳೆಯದು ಕಡೆಗೆ ಉಳಿಯುವುದು ಈ ರೋಗದ ಸ್ವಭಾವ. ಹಲವರಲ್ಲಿ ಭಾಷೆಯೂ ಹಾಗೆಯೇ: ದೊಡ್ಡವರಾದ ಮೇಲೆ ಕಲಿತ ನುಡಿ ಮೊದಲು ಜಾರುತ್ತದೆ, ತೊಟ್ಟಿಲಲ್ಲಿ ಕೇಳಿದ್ದು ಉಳಿಯುತ್ತದೆ. ಹೈದರಾಬಾದಿನ ನಿಜಾಮ್ ವೈದ್ಯ ಸಂಸ್ಥೆಯಲ್ಲಿ ೬೪೮ ರೋಗಿಗಳನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಈ ರೋಗ ಕಾಣಿಸಿಕೊಂಡಿತ್ತೆಂದು ಹೇಳುತ್ತದೆ. ಹೊರನಾಡಿನಲ್ಲಿ ಎರಡು ಮೂರು ನುಡಿ ಆಡುವ ನಮಗೆ ಇದು ಒಳ್ಳೆಯ ಸುದ್ದಿಯೇ. ಆದರೆ ರೋಗ ಬಂದೇ ಬಂದರೆ, ಸುತ್ತಲೂ ಮರಾಠಿಯೋ ತಮಿಳೋ ಹಿಂದಿಯೋ ಇರುವಲ್ಲಿ ಬರಿಯ ಕನ್ನಡದೊಡನೆ ಒಬ್ಬರೇ ಉಳಿಯುವ ಸರದಿಯೂ ನಮ್ಮದೇ. ಧಾರವಾಡದ ಮುದುಕಿ ಧಾರವಾಡದಲ್ಲಿ ಬಚ್ಚಲು ಕೇಳಿದ್ದರೆ ಬೀದಿಯ ಕೂಸಿಗೂ ತಿಳಿಯುತ್ತಿತ್ತು.

ರಾತ್ರಿ ರಾಯರಿಗೆ ವಿಷಯ ಹೇಳಿದೆವು. ಅವರು ಮೊದಲು ನಕ್ಕರು. ನಗುತ್ತ ನಗುತ್ತಲೇ ಅತ್ತರು. "ಅಕ್ಕನ್ನ ನೆನಸತಾಳ ಅಂತ ನಾ ಏಳು ತಿಂಗಳು ಮರುಗಿದೆ. ಅವ್ವ ಕೇಳಿದ್ದು ಬಚ್ಚಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಮುಂದ ಯಾಕ ಕೇಳಲಿಲ್ಲ?" ಎಂದರು. ರಾಯರು ಹೋಗುತ್ತಿದ್ದುದು ಭಾನುವಾರ ಹನ್ನೊಂದಕ್ಕೆ. ಆ ಹೊತ್ತಿಗೆ ಬಚ್ಚಲಿಗೆ ಕರೆದೊಯ್ದು, ಸ್ನಾನ ಮಾಡಿಸಿ, ಸೀರೆ ಉಡಿಸಿಯೇ ಅವರ ಮುಂದೆ ತಂದು ಕೂರಿಸುತ್ತಿದ್ದರು.

ಮುಂದಿನ ಶನಿವಾರ ರಾಯರು, ನಾವು, ಮೇಟ್ರನ್ ಬಾಯಿ ಮೂವರೂ ಕೂತು ಮಾತನಾಡಿದೆವು. ಆಕೆ ಹೇಳಿದ ಒಂದು ಮಾತು ನಮಗೆ ನಾಟಿತು: "ಸೇರಿಸುವಾಗ ಅಜ್ಜಿಯ ರಕ್ತದೊತ್ತಡ ಬರೆದು ಕೊಟ್ಟಿರಿ, ಸಕ್ಕರೆ ಎಷ್ಟೆಂದು ಬರೆದು ಕೊಟ್ಟಿರಿ. ಆಕೆ ನೀರಿಗೆ ಏನನ್ನುತ್ತಾರೆ ಎಂದು ಬರೆದು ಕೊಟ್ಟಿರಾ?" ಕೊಟ್ಟಿರಲಿಲ್ಲ.

ಆ ದಿನವೇ ರಾಯರ ಮಗಳು ಒಂದು ದೊಡ್ಡ ಹಾಳೆಯಲ್ಲಿ ಇಪ್ಪತ್ತು ಮಾತು ಬರೆದಳು. ಎಡಕ್ಕೆ ಅಜ್ಜಿಯ ಮಾತು ಮರಾಠಿ ಲಿಪಿಯಲ್ಲಿ, ಬಲಕ್ಕೆ ಮರಾಠಿ ಅರ್ಥ: ಬಚ್ಚಲ, ನೀರಡಿಕಿ, ಹಸಿವಿ, ಥಂಡಿ, ಬ್ಯಾನಿ, ಸಾಕು, ಬ್ಯಾಡ. "ಸಾಕು" ಎಂಬುದನ್ನು ಓದಿ ಒಬ್ಬಳು ಮಾವಶಿ, "ಅಯ್ಯೋ, ಅದನ್ನು ಹೇಳಿದಾಗಲೆಲ್ಲ ನಾವು ಇನ್ನೊಂದು ತುತ್ತು ಹಾಕುತ್ತಿದ್ದೆವಲ್ಲ," ಎಂದಳು. ಹಾಳೆಯನ್ನು ಅಜ್ಜಿಯ ಮಂಚದ ಮೇಲಿನ ಗೋಡೆಗೆ ಅಂಟಿಸಿದರು. ಎಲ್ಲ ರೋಗಿಗಳನ್ನೂ ಎರಡು ಗಂಟೆಗೊಮ್ಮೆ, ಕೇಳಲಿ ಬಿಡಲಿ, ಬಚ್ಚಲಿಗೆ ಕರೆದೊಯ್ಯುವುದೆಂದು ಗೊತ್ತುಮಾಡಿದರು. ಬಚ್ಚಲ ಬಾಗಿಲಿಗೆ ಬೇರೆ ಬಾಗಿಲುಗಳಿಗಿಲ್ಲದ ಹಳದಿ ಬಣ್ಣ ಹೊಡೆದು, ಒಂದು ಚಿತ್ರ ಅಂಟಿಸಿದರು. ಮೂರು ಪುಸ್ತಕಗಳ ಬದಲು ಒಬ್ಬೊಬ್ಬ ರೋಗಿಗೆ ಒಂದು ಹಾಳೆ ಎಂದಾಯಿತು. ಇದು ನಮ್ಮ ಸಲಹೆ ಎಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ. ಡಾಕ್ಟರರು ಬಂದು ನೋಡಿ ಸಂಜೆಯ ಮಾತ್ರೆಯನ್ನು ಕೆಲವು ವಾರಗಳಲ್ಲಿ ಕ್ರಮೇಣ ಇಳಿಸಿ ನಿಲ್ಲಿಸಿದರು. ವಾರಕ್ಕೆ ಐದಾರು ಸಲ ಒದ್ದೆಯಾಗುತ್ತಿದ್ದ ಸೀರೆ ಈಗ ಒಂದು ಸಲ, ಕೆಲವು ವಾರ ಅದೂ ಇಲ್ಲ.

ಕಟ್ಟಿಹಾಕುವ ವಿಷಯದಲ್ಲಿ ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯ ೯೭ನೆಯ ಕಲಮನ್ನು ನಾವು ಬರೆದುಕೊಂಡು ಹೋಗಿದ್ದೆವು. ಮಾನಸಿಕ ರೋಗಿಗಳನ್ನಿಟ್ಟು ನೋಡಿಕೊಳ್ಳುವ ಸಂಸ್ಥೆಗಳಲ್ಲಿ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆಯಿಂದ ಮಾತ್ರ ರೋಗಿಯನ್ನು ಕಟ್ಟಬಹುದು; ಶಿಕ್ಷೆಗೆಂದು ಕಟ್ಟಕೂಡದು, ನೌಕರರು ಸಾಲದೆಂಬ ಕಾರಣಕ್ಕೂ ಕಟ್ಟಕೂಡದು ಎಂದು ಅದರಲ್ಲಿದೆ. ಮೇಟ್ರನ್ ಬಾಯಿ, "ಕಾಯಿದೆ ಬರೆದವರು ರಾತ್ರಿ ಪಾಳಿಗೆ ಬರುತ್ತಾರೆಯೇ?" ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಬ್ಬರಿಗೆ ತಗ್ಗಿನ ಕುರ್ಚಿ ಬಂದು ಓಢಣಿ ಬಿಚ್ಚಿದರು. ಇನ್ನೊಬ್ಬರದು ಬಿಚ್ಚಲಿಲ್ಲ. ರಾತ್ರಿ ಪಾಳಿಗೆ ಇನ್ನೊಬ್ಬಳು ಮಾವಶಿಯನ್ನು ಹಾಕಿರೆಂದು ಕೇಳಿದ್ದೂ ಈಡೇರಿಲ್ಲ. ಎಲ್ಲ ಸರಿಹೋಯಿತೆಂದು ಬರೆದರೆ ನಾವೂ ಸಾಹೇಬರ ಷರಾ ಬರೆದಂತಾದೀತು.

ಅಜ್ಜಿಯ ರೋಗವೇನೂ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಮಗನನ್ನು ಇನ್ನೂ "ನೀವು ಯಾರ್ರೀ?" ಎನ್ನುತ್ತಾರೆ. ಆ ಇಪ್ಪತ್ತರ ಹುಡುಗಿಯನ್ನು ಮಾತ್ರ "ತಂಗೀ" ಎಂದು ಕರೆಯುತ್ತಾರೆ. ಅವಳು ಬಂದು ಈಗ ನಮ್ಮ ನುಡಿಯಲ್ಲೇ "ಅಜ್ಜಿ, ನೀರಡಿಕಿ?" ಎಂದು ಕೇಳುತ್ತಾಳೆ. ಅವಳ ಉಚ್ಚಾರ ಕೇಳಿ ಅಜ್ಜಿ ನಗುತ್ತಾರೆ.

ನಮ್ಮ ಬಳಗದಲ್ಲಿ ಇಂಥ ಮನೆಗಳಿಗೆ ಹಿರಿಯರನ್ನು ಸೇರಿಸಿದವರಿದ್ದಾರೆ, ಸೇರಿಸಬೇಕಾದವರಿದ್ದಾರೆ, ನಾಚಿಕೆಯಿಂದ ಹೇಳದಿರುವವರೂ ಇದ್ದಾರೆ. ಅವರಿಗೆ ನಮ್ಮ ನಾಲ್ಕು ಬಿನ್ನಹ. ಮೊದಲನೆಯದು, ಹೊತ್ತು ಬದಲಿಸಿ ಹೋಗಿ. ಒಮ್ಮೆ ಊಟದ ಹೊತ್ತಿಗೆ, ಒಮ್ಮೆ ಸಂಜೆ ಐದಕ್ಕೆ, ಒಮ್ಮೆ ದೀಪ ಆರಿಸುವ ಮುಂಚೆ. ಹೇಳದೆ ಬಂದವರನ್ನು ಎಂದೂ ಒಳಗೆ ಬಿಡದ ಮನೆಯಲ್ಲಿ ನಿಮ್ಮವರನ್ನು ಬಿಡಬೇಡಿ. ಎರಡನೆಯದು, ನಿಮ್ಮವರನ್ನು ಮಾತ್ರ ನೋಡದೆ, ಯಾರೂ ನೋಡಲು ಬಾರದ ರೋಗಿಯೊಬ್ಬರನ್ನು ನೋಡಿ. ಅವರ ಉಗುರು, ಅವರ ಲೋಟ, ಅವರೊಡನೆ ಆಡಿದ ಮಾತು ಹೇಗಿದೆಯೋ ಹಾಗಿದೆ ಆ ಮನೆ. ಮೂರನೆಯದು, ಸಂಜೆಯ ಮಾತ್ರೆ ಯಾವುದು, ಏತಕ್ಕೆ, ಎಂದಿನಿಂದ, ಎಂದಿನವರೆಗೆ ಎಂದು ಕೇಳಿ ಬರೆದುಕೊಳ್ಳಿ. ನಾಲ್ಕನೆಯದು, ನಿಮ್ಮ ಹಿರಿಯರು ಬಳಸುವ ಇಪ್ಪತ್ತು ಮಾತನ್ನು ಇಂದೇ ಬರೆದಿಡಿ. ನಮ್ಮಲ್ಲಿ ಮೈಸೂರಿನವರು, ಮಂಗಳೂರಿನವರು, ಬಿಜಾಪುರದವರು ಎಲ್ಲ ಇದ್ದೇವೆ. ಒಬ್ಬರ ಮಾತು ಇನ್ನೊಬ್ಬರದಲ್ಲ. ದೂರು ಕೊಡಬೇಕಾಗಿ ಬಂದು ಎಲ್ಲಿ ಕೊಡಬೇಕೆಂದು ತಿಳಿಯದಿದ್ದರೆ, ವೃದ್ಧರಿಗಾಗಿ ೧೪೫೬೭ ಎಂಬ ಸಹಾಯವಾಣಿ ದೇಶದಾದ್ಯಂತ ಇದೆ.

ಸಂಘದ ಕಾರ್ಯಕಾರಿಣಿಗೂ ಒಂದು ಮಾತು. ನಾವು ರಾಜ್ಯೋತ್ಸವಕ್ಕೆ ಧ್ವಜ ಹಾರಿಸುತ್ತೇವೆ, ನಾಟಕ ಆಡುತ್ತೇವೆ, ಕನ್ನಡ ಉಳಿಯಬೇಕೆಂದು ಭಾಷಣ ಕೇಳಿ ಚಪ್ಪಾಳೆ ತಟ್ಟುತ್ತೇವೆ. ಈ ಊರಿನ ಆರೈಕೆ ಮನೆಗಳಲ್ಲಿ ಕನ್ನಡದ ಹೊರತು ಬೇರೇನೂ ಉಳಿಯದ ಎಷ್ಟು ಮಂದಿ ಕೂತಿದ್ದಾರೋ ನಮ್ಮ ಸದಸ್ಯತ್ವದ ಪುಸ್ತಕದಲ್ಲಿ ಇಲ್ಲ. ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡು ಹೋಗಿ, ಅರ್ಧ ಗಂಟೆ ಕೂತು ನಮ್ಮ ನುಡಿ ಆಡಿ ಬಂದರೆ ಅವರಿಗೆ ಮಾತಾಯಿತು, ಆ ಮನೆಗೆ ತಪಾಸಣೆಯೂ ಆಯಿತು. ಅಜ್ಜಿಯಿರುವ ಮನೆಗೆ ಈ ತಿಂಗಳ ನಾಲ್ಕೂ ಬುಧವಾರಗಳಿಗೆ ನಮ್ಮ ಮನೆಯಾಕೆ ತನ್ನ ಹೆಸರು ಬರೆಸಿದ್ದಾಳೆ. ಮುಂದಿನ ತಿಂಗಳಿಗೆ ಹೆಸರು ಬೇಕಾಗಿವೆ.